ಎರಡು ಪುಟದೊಳಗೆ ನಾನು

ತನ್ನ ಬಗ್ಗೆ ತಾನೇ ಬರೆಯಲು ಕೂತ ಮನುಷ್ಯ ಯಾರೂ ಕೇಳದ್ದನ್ನು ಪುಟಗಟ್ಟಲೆ ಬರೆಯುತ್ತಾನೆ, ಕೇಳಿದ್ದನ್ನು ಬರೆಯಲು ನಾಚಿಕೊಳ್ಳುತ್ತಾನೆ. ಈ ಎರಡು ತಪ್ಪನ್ನೂ ಒಂದೇ ಕಾಗದದಲ್ಲಿ ಮಾಡಿದವಳು ನಾನು. ಕಾಗದ ಒಂದೇ ಎಂದದ್ದು ಬಾಯಿಮಾತಿಗೆ. ನನ್ನ ಬಯೋಡೇಟಾ ಐದು ಪುಟವಿತ್ತು. ಅದನ್ನು ರೂಪಿಸಿದವರು ನಮ್ಮ ಮಾವನವರು. ಅವರು ಮಧುಗಿರಿ ಕಡೆಯ ಹೈಸ್ಕೂಲೊಂದರಲ್ಲಿ ಗುಮಾಸ್ತರಾಗಿ ನಿವೃತ್ತರಾದವರು. ಅರ್ಜಿ ಬರೆಯುವುದೆಂದರೆ ಅವರಿಗೆ ಬೇರೆಯವರಿಗೆ ಹಬ್ಬದಡಿಗೆ ಇದ್ದ ಹಾಗೆ. ಯಾವ ಪದಾರ್ಥವನ್ನೂ ಬಿಡುವಂತಿಲ್ಲ. ಮೊದಲ ಪುಟದ ನೆತ್ತಿಯಲ್ಲಿ ಪುಟ್ಟದೊಂದು 'ಶ್ರೀ', ಬಲಗಡೆ ರೇಷ್ಮೆ ಸೀರೆಯಲ್ಲಿ ನನ್ನ ಫೋಟೊ, ಕೆಳಗೆ ತಂದೆಯ ಹೆಸರು, ಪತಿಯ ಹೆಸರು, ಸ್ವಂತ ಊರು, ಹುಟ್ಟಿದ ದಿನ. ಆಮೇಲೆ ಹಿಂದಿ ಪರೀಕ್ಷೆಗಳು, ಜೂನಿಯರ್ ಟೈಪಿಂಗ್, ಆಯುಧಪೂಜೆಯ ದಿನ ಫ್ಯಾಕ್ಟರಿಯಲ್ಲಿ ರಂಗೋಲಿಗೆ ಬಂದ ಬಹುಮಾನ. ನಾನು ಮೆಕ್ಯಾನಿಕಲ್ ಡಿಪ್ಲೊಮಾ ಓದಿ ಪೀಣ್ಯದ ಪಂಪ್ ಕಾರ್ಖಾನೆಯಲ್ಲಿ ಕ್ವಾಲಿಟಿ ಇನ್ಸ್‌ಪೆಕ್ಟರ್ ಆಗಿದ್ದೇನೆ ಎಂಬ ವಿಷಯ ಮೂರನೇ ಪುಟದ ಹೊತ್ತಿಗೆ, ಇಷ್ಟೆಲ್ಲ ಓದಿಯೂ ಸೋಲದವರಿಗೆ ಮಾತ್ರ ತಿಳಿಯುತ್ತಿತ್ತು.

ಈ ಬಯೋಡೇಟಾ ಬೀರುವಿನಲ್ಲಿ ನೆಮ್ಮದಿಯಾಗಿ ಮಲಗಿತ್ತು. ಅದನ್ನು ಎಬ್ಬಿಸಿದ್ದು ಅಮೆರಿಕದ ಬ್ಯಾಂಕುಗಳು. ಅಲ್ಲೆಲ್ಲೋ ಬ್ಯಾಂಕು ಮುಳುಗಿದರೆ ಪೀಣ್ಯದ ಪಂಪಿಗೆ ಏನು ಎಂದು ನಾವೆಲ್ಲ ಧೈರ್ಯವಾಗಿದ್ದೆವು. ಮರುವರ್ಷ ನಮ್ಮ ರಫ್ತಿನ ಆರ್ಡರು ಅರ್ಧಕ್ಕಿಳಿಯಿತು. ಶನಿವಾರ ರಜ ಎಂದರು, ಸಂತೋಷಪಟ್ಟೆವು. ಸೋಮವಾರವೂ ರಜ ಎಂದಾಗ ಸಂತೋಷ ನಿಂತುಹೋಯಿತು. ನಮ್ಮ ಮನೆಯವರು ಪ್ರಕಾಶ್ ಕೆಲಸ ಮಾಡುತ್ತಿದ್ದ ವರ್ಕ್‌ಶಾಪಿನಲ್ಲೂ ಲೇತುಗಳಿಗೆ ಬಟ್ಟೆ ಹೊದಿಸಿದ್ದರು. ಚೊಕ್ಕಸಂದ್ರದ ನಮ್ಮ ಬಾಡಿಗೆ ಮನೆಯಲ್ಲಿ ಗಂಡ ಹೆಂಡತಿ ಇಬ್ಬರೂ ಹಗಲು ಹೊತ್ತಿನಲ್ಲಿ ಎದುರುಬದುರು ಕೂತದ್ದು ಮದುವೆಯಾದ ಮೇಲೆ ಅದೇ ಮೊದಲು. ಮಾತಾಡಲು ಏನೂ ಇಲ್ಲವೆಂಬುದು ಮಧ್ಯಾಹ್ನದ ಹೊತ್ತಿಗೆ ಇಬ್ಬರಿಗೂ ಗೊತ್ತಾಯಿತು.

ಆಗ ಬಂತು ವಿಮಲಳ ಫೋನು. ವಿಮಲ ನನ್ನ ಜೊತೆ ಡಿಪ್ಲೊಮಾ ಓದಿದವಳು, ಮದುವೆಯಾಗಿ ನ್ಯೂಜಿಲೆಂಡಿಗೆ ಹೋಗಿ ಅಲ್ಲಿಯ ಪಂಪ್ ಕಾರ್ಖಾನೆಯೊಂದರ ಆಫೀಸಿನಲ್ಲಿದ್ದಾಳೆ. "ಸುಮಿತ್ರಾ, ಇಲ್ಲಿ ಕ್ವಾಲಿಟಿಗೆ ಜನ ಬೇಕಂತೆ ಕಣೆ. ವೀಸಾ ಎಲ್ಲ ಅವರೇ ನೋಡ್ಕೊಳ್ತಾರೆ. ರೆಸ್ಯೂಮೆ ಕಳಿಸು" ಎಂದಳು. ಅಂದು ಸಂಜೆಯೇ ಸೈಬರ್ ಸೆಂಟರಿನಲ್ಲಿ ಕೂತು ಐದೂ ಪುಟವನ್ನು ಸ್ಕ್ಯಾನ್ ಮಾಡಿಸಿ ಕಳಿಸಿದೆ. ಮರುದಿನ ಅವಳೇ ಫೋನು ಮಾಡಿದಳು. ನಗು ತಡೆದುಕೊಂಡಿದ್ದಳೆಂದು ಉಸಿರಿನಲ್ಲೇ ಗೊತ್ತಾಗುತ್ತಿತ್ತು. "ಇದು ರೆಸ್ಯೂಮೆ ಅಲ್ಲ ಕಣೆ, ಹೆಣ್ಣು ನೋಡೋಕೆ ಬನ್ನಿ ಅಂತ ಕರೆದಂಗಿದೆ. ಎರಡೇ ಪುಟ ಇರ್ಬೇಕು. ಫೋಟೊ ಬೇಡ, ವಯಸ್ಸು ಬೇಡ, ಅಪ್ಪನ ಹೆಸರು ಬೇಡ, ಗಂಡನ ಹೆಸರು ಬೇಡ, ಹಿಂದಿ ಬೇಡ, ರಂಗೋಲಿ ಬೇಡ."

"ಹಾಗಾದ್ರೆ ಬೇಕಾಗಿರೋದೇನು?"

"ನೀನು ಕಣೆ. ನೀನೇನು ಮಾಡಿದೀಯ ಅನ್ನೋದು."

ಮನೆಯಲ್ಲಿ ಈ ಸುದ್ದಿ ಹೇಳುವುದು ಅರ್ಜಿ ಬರೆಯುವುದಕ್ಕಿಂತ ಕಷ್ಟವಾಯಿತು. ಮಾವನವರು ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು. "ಮುಖ ನೋಡದೆ, ಯಾರ ಮಗಳು ಅಂತ ಕೇಳದೆ ಕೆಲಸ ಕೊಡ್ತಾರಾ? ಅದೆಂಥ ಕಂಪನಿನಮ್ಮ? ಸ್ವಲ್ಪ ವಿಚಾರಿಸು" ಎಂದರು. ಕೊನೆಯಲ್ಲಿದ್ದ 'ಮೇಲ್ಕಂಡ ವಿವರಗಳು ನನಗೆ ತಿಳಿದ ಮಟ್ಟಿಗೆ ಸತ್ಯ' ಎಂಬ ಘೋಷಣೆಯೂ ಹೋಗಬೇಕು ಎಂದಾಗ ಅವರಿಗೆ ನಿಜವಾಗಿ ನೋವಾಯಿತು. "ಸತ್ಯ ಅಂತ ಬರೆದು ಸಹಿ ಹಾಕದಿದ್ರೆ ಅವರು ನಂಬೋದು ಹೇಗೆ?" ಎಂದು ಕೇಳಿದರು. ನಮ್ಮ ಮನೆಯವರ ಚಿಂತೆ ಬೇರೆಯಿತ್ತು. "ಮ್ಯಾರೀಡ್ ಅನ್ನೋದನ್ನ ತೆಗೆದ್ಬಿಟ್ರೆ ನಾನು ಯಾವ ಲೆಕ್ಕದಲ್ಲಿ ಬರೋದು?" ಎಂದರು. "ಡಿಪೆಂಡೆಂಟ್ ವೀಸಾದ ಲೆಕ್ಕದಲ್ಲಿ" ಎಂದೆ. "ಸರಿ, ಅದೂ ಒಂದು ಅನುಭವ" ಎಂದು ಪೇಪರು ಬಿಡಿಸಿಕೊಂಡರು.

ತೆಗೆಯಬೇಕಾದ್ದನ್ನು ತೆಗೆದ ಮೇಲೆ ಉಳಿದದ್ದು ಅರ್ಧ ಪುಟ. ಇಷ್ಟು ವರ್ಷ ನಾನು ತುಂಬಿದ ಕೊಡವೆಂದುಕೊಂಡಿದ್ದೆ. ಅಲುಗಾಡಿಸಿದರೆ ತಳದಲ್ಲಿ ಒಂದು ಚೊಂಬು ನೀರು. ಇನ್ನು ಒಂದೂವರೆ ಪುಟವನ್ನು ನನ್ನ ಸಾಧನೆಗಳಿಂದ ತುಂಬಬೇಕಾಗಿತ್ತು. "ಫ್ಯಾಕ್ಟರಿಲಿ ಏನಾದ್ರೂ ಸರಿ ಮಾಡಿದ್ದಿದ್ರೆ ಹೇಳು" ಎಂದು ವಿಮಲ ಫೋನಿನಲ್ಲಿ ಪೀಡಿಸಿದಳು. ಬಹಳ ಯೋಚಿಸಿ, ನೀರು ಸೋರದಂತೆ ಪಂಪಿನ ಸಂದಿಗೆ ಹಾಕುವ ರಬ್ಬರ್ ರಿಂಗಿನ ಕಥೆ ಹೇಳಿದೆ. ಒಂದು ಬೇಸಿಗೆಯಲ್ಲಿ ನಮ್ಮ ಪಂಪುಗಳು ಪರೀಕ್ಷೆಯಲ್ಲಿ ಸೋರಲು ಶುರುವಾದವು. ಟೆಸ್ಟಿಂಗ್ ಮಾಡುವ ಬಸವರಾಜ ರೇಗುತ್ತಿದ್ದ, ಸ್ಟೋರಿನವರು ಸಪ್ಲೈಯರನ್ನು ಬೈಯುತ್ತಿದ್ದರು. ಒಂದು ದಿನ ನಾನು ರಿಂಗು ಕೇಳಿಕೊಂಡು ಸ್ಟೋರಿಗೆ ಹೋದಾಗ ಕಿಟಕಿಯ ಬಿಸಿಲು ನೇರವಾಗಿ ರ‍್ಯಾಕಿನಲ್ಲಿದ್ದ ರಿಂಗುಗಳ ಮೇಲೆ ಬಿದ್ದಿತ್ತು, ಮುಟ್ಟಿದರೆ ಗಟ್ಟಿಯಾಗಿದ್ದವು. ಎಲ್ಲರೂ ಸೇರಿ ಆ ರ‍್ಯಾಕನ್ನು ನೆರಳಿನ ಗೋಡೆಗೆ ಸರಿಸಿದೆವು. ಹೊಸ ರಿಂಗು ಬಂದ ಮೇಲೆ ಸೋರುವುದು ನಿಂತಿತು. ಅಷ್ಟೇ.

"ಅಷ್ಟೇ ಅಂತೀಯಲ್ಲೇ" ಎಂದ ವಿಮಲ, ಅದನ್ನು ತಿದ್ದಿ ಕಳಿಸಿದಳು. ಅವಳ ಇಂಗ್ಲಿಷಿನ ಪ್ರಕಾರ ನಾನು ಬಿಡಿಭಾಗಗಳ ಸಂಗ್ರಹಣಾ ವ್ಯವಸ್ಥೆಯ ಮರುವಿನ್ಯಾಸದ ನೇತೃತ್ವ ವಹಿಸಿ, ಸೋರಿಕೆಯ ಮೂಲವನ್ನು ಪತ್ತೆಹಚ್ಚಿ, ಉತ್ಪಾದನೆಯ ನಷ್ಟವನ್ನು ತಡೆಗಟ್ಟಿದ್ದೆ. ಮೂರು ಸಲ ಓದಿದೆ. ಓದಿದಷ್ಟೂ ಆ ಹೆಂಗಸಿನ ಮೇಲೆ ಗೌರವ ಹೆಚ್ಚಾಯಿತು. ಅವಳು ನಾನೇ ಎಂಬುದು ಮಾತ್ರ ಗಂಟಲಲ್ಲಿ ಇಳಿಯಲಿಲ್ಲ. ಮರುದಿನ ಬಸವರಾಜನಿಗೆ ತೋರಿಸಿದೆ. ಅವನು ಬಾಗಲಕೋಟೆ ಕಡೆಯವನು, ಮನಸ್ಸಿನಲ್ಲಿದ್ದದ್ದನ್ನು ಸುತ್ತಿ ಬಳಸಿ ಹೇಳುವವನಲ್ಲ. ಬಾಯಿಬಿಟ್ಟು ಓದಿದ. "ಛಲೋ ಐತ್ರಿ ಮೇಡಂ. ಆದ್ರ ಆ ರ‍್ಯಾಕ್ ಎತ್ತಿದ್ದು ನಾನು ಮತ್ತ ಸ್ಟೋರಿನ ರಾಮಣ್ಣ ಅಲ್ರಿ? ನನ್ನ ಸೊಂಟ ಇನ್ನೂ ಮರ್ತಿಲ್ಲ" ಎಂದ. ನನ್ನ ಮುಖ ನೋಡಿ ನಕ್ಕುಬಿಟ್ಟ. "ಇರ್ಲಿ ಬಿಡ್ರಿ. ನೋಡಿದ್ದು ನೀವೇ ಅಲ್ಲೇನ್ರಿ? ನೋಡೂದೂ ಒಂದು ಕೆಲಸನ. ಕಳಸ್ರಿ."

ಕಳಿಸಿದೆ. ಎರಡು ವಾರವಾದ ಮೇಲೆ, ಫೋನಿನಲ್ಲಿ ಸಂದರ್ಶನ ಮಾಡುತ್ತೇವೆಂದು ಮೇಲ್ ಬಂತು. ಅಲ್ಲಿ ಮಧ್ಯಾಹ್ನವಾದಾಗ ನಮಗೆ ಬೆಳಗಿನ ಏಳು ಗಂಟೆ, ಅಂದರೆ ನಮ್ಮ ಬೀದಿಗೆ ನೀರು ಬಿಡುವ ಹೊತ್ತು. ಆ ದಿನ ಪ್ರಕಾಶ್ ಸದ್ದಾಗಬಾರದೆಂದು ಡ್ರಮ್ಮಿಗೆ ಬಟ್ಟೆ ಹಾಸಿ ಅದರ ಮೇಲೆ ನೀರು ಬೀಳುವಂತೆ ಪೈಪು ಹಿಡಿದು ನಿಂತರು. ಮಾವನವರು ಸ್ನಾನ ಮಾಡಿ, ಇಸ್ತ್ರಿ ಮಾಡಿದ ಬಿಳಿ ಶರ್ಟು ಹಾಕಿಕೊಂಡು ನನ್ನೆದುರಿನ ಕುರ್ಚಿಯಲ್ಲಿ ಬಂದು ಕೂತರು.

"ಮಾವ, ಫೋನಲ್ಲಿ ಯಾರೂ ಕಾಣೋದಿಲ್ಲ" ಎಂದೆ.

"ಗೊತ್ತಮ್ಮ. ಆದ್ರೂ ಪರದೇಶದವರು ಮನೆಗೆ ಫೋನ್ ಮಾಡ್ತಿದಾರೆ" ಎಂದರು.

ಮಾತಾಡಿದವರು ಹೆಂಗಸು. ಒಳ್ಳೆಯ ದನಿ, ಅವಸರವಿಲ್ಲದ ಇಂಗ್ಲಿಷು. ಅಳತೆಯ ಬಗ್ಗೆ, ಪರೀಕ್ಷೆಯ ಬಗ್ಗೆ ಕೇಳಿದ್ದಕ್ಕೆಲ್ಲ ಉತ್ತರಿಸಿದೆ. ಅದು ನನಗೆ ಬರುವ ಕೆಲಸ, ಹೆದರಿಕೆಯಾಗಲಿಲ್ಲ. ಆಮೇಲೆ ಆಕೆ ಸೋರಿಕೆಯ ವಿಷಯಕ್ಕೆ ಬಂದು, ನೇತೃತ್ವ ವಹಿಸಿದಿರಿ ಎಂದು ಬರೆದಿದ್ದೀರಿ, ಏನೇನು ಮಾಡಿದಿರಿ ಹೇಳಿ ಎಂದರು. ನಾನು ಬಾಯಿ ತೆರೆದದ್ದೇ 'ನಾವು' ಎಂದು. ನಾವು ನೋಡಿದೆವು, ನಾವು ಸರಿಸಿದೆವು. ಅವರು ತಡೆದು, ನಾವು ಅಂದರೆ ಯಾರು ಎಂದರು. ಬಸವರಾಜನ ಸೊಂಟ ನೆನಪಾಯಿತು. ಅವನ ಹೆಸರು ಹೇಳಿದೆ. ರಾಮಣ್ಣನ ಹೆಸರು ಹೇಳಿದೆ. ನೆರಳಿನ ಗೋಡೆಯ ಹತ್ತಿರ ಜಾಗ ಬಿಟ್ಟುಕೊಟ್ಟ ಪ್ಯಾಕಿಂಗಿನ ಹೆಂಗಸರನ್ನೂ ಬಿಡಲಿಲ್ಲ. ಅವರೆಲ್ಲರ ಬಗ್ಗೆ ನಾನು ಅಷ್ಟು ಚೆನ್ನಾಗಿ ಇಂಗ್ಲಿಷಿನಲ್ಲಿ ಮಾತಾಡಬಲ್ಲೆನೆಂದು ನನಗೇ ಗೊತ್ತಿರಲಿಲ್ಲ. ಆಕೆ ಸಮಾಧಾನದಿಂದ ಕೇಳಿ, "ಮತ್ತೆ ನೀವು?" ಎಂದರು. "ನಾನೂ ಅಲ್ಲೇ ಇದ್ದೆ" ಎಂದೆ. ಎದುರಿಗಿದ್ದ ಮಾವನವರು ಮೆಚ್ಚಿ ತಲೆದೂಗಿದರು. ಅವರ ಪ್ರಕಾರ ಸಂಸ್ಕಾರವಂತರ ಉತ್ತರ ಅದು.

ವಾರ ಕಳೆದು ಬಂದ ಮೇಲ್ ಬಹಳ ಮರ್ಯಾದೆಯದಾಗಿತ್ತು. ನಿಮ್ಮ ಸಹೋದ್ಯೋಗಿಗಳ ಬಗ್ಗೆ ಕೇಳಿ ಸಂತೋಷವಾಯಿತು, ನಿಮ್ಮ ಸ್ವಂತ ಪಾತ್ರ ಸ್ಪಷ್ಟವಾಗಲಿಲ್ಲ, ಮುಂದಿನ ಪ್ರಯತ್ನಕ್ಕೆ ಶುಭವಾಗಲಿ ಎಂದಿತ್ತು. ಸೈಬರ್ ಸೆಂಟರಿನಿಂದ ಮನೆಯವರೆಗೆ ನಗುತ್ತಲೇ ಬಂದೆ. ಬಚ್ಚಲುಮನೆಗೆ ಹೋಗಿ ನಲ್ಲಿ ತಿರುಗಿಸಿದ ಮೇಲೆ ನಗು ಕೈಕೊಟ್ಟಿತು. ಹೋಗಲೇಬೇಕೆಂಬ ಆಸೆ ಅಷ್ಟೊಂದು ಇತ್ತೆಂದು ಆಗಲೇ ತಿಳಿದದ್ದು. ಮುಖ ತೊಳೆದು ಹೊರಗೆ ಬಂದರೆ ಪ್ರಕಾಶ್ ಮಂಚದ ಕೆಳಗಿನಿಂದ ಒಂದು ದೊಡ್ಡ ಕವರು ಎಳೆಯುತ್ತಿದ್ದರು. ಅದರಲ್ಲಿ ಮೂರು ದಪ್ಪ ಸ್ವೆಟರುಗಳು. ಸಂದರ್ಶನದ ಮಾರನೇ ದಿನವೇ ಮೆಜೆಸ್ಟಿಕ್ಕಿಗೆ ಹೋಗಿ ತಂದಿಟ್ಟಿದ್ದರಂತೆ. "ಅಲ್ಲಿ ಚಳಿ ಅಂತ ಹೇಳಿದ್ಳಲ್ಲ ವಿಮಲ. ಈಗ ಇವನ್ನ ಏನ್ಮಾಡೋಣ ಹೇಳು" ಎಂದರು. ನನಗೆ ಮತ್ತೆ ಅಳು ಬಂತು, ಈ ಸಲ ನಗುವಿನ ಜೊತೆ. ಮಾವನವರು ತಮ್ಮ ಅಳತೆಯದನ್ನು ಆರಿಸಿಕೊಂಡು ಆ ರಾತ್ರಿಯ ಸೆಕೆಯಲ್ಲೂ ಹಾಕಿಕೊಂಡು ಊಟಕ್ಕೆ ಕೂತರು. ಹುಳಿ ಚೆನ್ನಾಗಿದೆಯೆಂದು ಎರಡು ಸಲ ಹಾಕಿಸಿಕೊಂಡರು.

ಮುಂದಿನ ವರ್ಷದ ಹೊತ್ತಿಗೆ ಆರ್ಡರುಗಳು ತಿರುಗಿ ಬಂದವು, ಲೇತುಗಳ ಬಟ್ಟೆಯೂ ಸರಿಯಿತು. ಅದೇ ಸಮಯಕ್ಕೆ ನಮ್ಮ ಮ್ಯಾನೇಜರು ಹೊಸ ಪದ್ಧತಿಯೊಂದನ್ನು ತಂದರು. ಬಡ್ತಿಗೆ ಅರ್ಹರಾದವರು ತಮ್ಮ ಸಾಧನೆಗಳನ್ನು ತಾವೇ ಬರೆದುಕೊಡಬೇಕಂತೆ. ಉಳಿದವರೆಲ್ಲ ಪೆನ್ನು ಕಚ್ಚುತ್ತ ಕೂತಿದ್ದಾಗ ನಾನು ವಿಮಲಳ ಎರಡು ಪುಟವನ್ನು, ಬಸವರಾಜ ಮತ್ತು ರಾಮಣ್ಣನವರ ಹೆಸರಿನದೊಂದು ಸಾಲು ಸೇರಿಸಿ, ಹಾಗೇ ಕೊಟ್ಟುಬಿಟ್ಟೆ. ಮ್ಯಾನೇಜರು ಕರೆದರು. ಕಾಗದವನ್ನೂ ನನ್ನನ್ನೂ ಎರಡೆರಡು ಸಲ ನೋಡಿ, "ಏನ್ ಮೇಡಂ, ಇಷ್ಟೆಲ್ಲ ಮಾಡಿದೀರ, ಒಂದಿನಾನೂ ಬಾಯ್ಬಿಟ್ಟಿಲ್ವಲ್ಲ" ಎಂದರು. ಅವರು ಓದುತ್ತಿದ್ದ ಸಾಧನೆ ನಡೆದದ್ದು ಅವರ ಕ್ಯಾಬಿನ್ನಿನಿಂದ ನಾಲ್ಕು ಮಾರು ದೂರದಲ್ಲಿ. ನಾನು ಅದನ್ನು ನೆನಪಿಸಲಿಲ್ಲ. ತಿಂಗಳೊಳಗೆ ನನ್ನನ್ನು ಕಂಪನಿಯ ಹೊಸ ಘಟಕಕ್ಕೆ ಕ್ವಾಲಿಟಿ ಇನ್‌ಚಾರ್ಜ್ ಎಂದು ಹಾಕಿದರು.

ಹೀಗೆ ನ್ಯೂಜಿಲೆಂಡಿಗೆಂದು ಹೊರಟ ರೆಸ್ಯೂಮೆ ನನ್ನನ್ನು ಪೀಣ್ಯ ಸೆಕೆಂಡ್ ಸ್ಟೇಜಿನಿಂದ ಪಕ್ಕದಲ್ಲೇ ಇರುವ ಪೀಣ್ಯ ಫೋರ್ತ್ ಫೇಸಿಗೆ ತಲುಪಿಸಿತು. ಆಗ ಮೆಟ್ರೊ ಕೆಲಸಕ್ಕೆಂದು ರಸ್ತೆಯನ್ನೆಲ್ಲ ಅಗೆದು ಬಸ್ಸುಗಳನ್ನು ಸುತ್ತುದಾರಿಗೆ ತಿರುಗಿಸಿದ್ದರು. ಮೊದಲ ದಿನ ಎರಡು ಬಸ್ಸು ಬದಲಾಯಿಸಿ, ಕೊನೆಯ ಭಾಗವನ್ನು ಸೀರೆ ಎತ್ತಿಹಿಡಿದು ಕೆಸರಿನಲ್ಲಿ ನಡೆದು ಗೇಟು ಮುಟ್ಟಿದಾಗ ಸೆಕ್ಯೂರಿಟಿಯವನು ಕುರ್ಚಿ ಕೊಟ್ಟು ನೀರು ತಂದುಕೊಟ್ಟ.

"ಎಲ್ಲಿಂದ ಬಂದ್ರಿ ಮೇಡಂ?"

"ಸೆಕೆಂಡ್ ಸ್ಟೇಜಿಂದ."

"ಅಯ್ಯೋ, ಅಷ್ಟು ದೂರದಿಂದಾನಾ" ಎಂದ. ನಾನು ನೀರು ಕುಡಿದು, ಹೌದಪ್ಪ, ಬಹಳ ದೂರ ಎಂದೆ.