ಸಸ್ಯಾಹಾರಿ ಎಲುಬು

ನನ್ನ ಹೆಂಡತಿ ಲಲಿತಾ ಎಷ್ಟೋ ವರ್ಷಗಳಿಂದ ನನಗೆ ಮೆತ್ತನೆಯ ರೊಟ್ಟಿಯನ್ನೇ ಬಡಿದು ಹಾಕುತ್ತಿದ್ದಾಳೆ. (ಭತ್ತದ ಸೀಮೆ ಗಂಗಾವತಿಗೆ ಬಂದು ಅನ್ನ ಉಂಡು ಉಂಡು ಈಕೆಯ ಕೈ ಸಡಿಲಾಯಿತು ಎಂಬುದು ನನ್ನ ಸಂಶೋಧನೆ.) ಕುಷ್ಟಗಿಯಲ್ಲಿ ನಮ್ಮವ್ವ ಮಾಡುತ್ತಿದ್ದ ಖಡಕ್ ಜೋಳದ ರೊಟ್ಟಿ ಮುರಿದರೆ ಆ ಸಪ್ಪಳಕ್ಕೆ ಪಕ್ಕದ ಮನೆಯವರು ಹಣಿಕಿ ನೋಡುತ್ತಿದ್ದರು. ಶಾಲೆ ಬಿಟ್ಟು ಬಂದವನೇ ಶೇಂಗಾ ಚಟ್ನಿ, ಮೊಸರು ಹಚ್ಚಿಕೊಂಡು ನಿಂತಲ್ಲೇ ಎರಡು ಮುಗಿಸುತ್ತಿದ್ದೆ. ನೆನೆದರೆ ಈಗಲೂ ಕಣ್ಣು ತುಂಬುತ್ತದೆ.

ಆದರೆ ಅಗಿಯಲು ನನಗೀಗ ಮೇಲಿನ ದವಡೆಹಲ್ಲುಗಳೇ ಇಲ್ಲ. ಮೇಷ್ಟ್ರಿಕೆಯಿಂದ ನಿವೃತ್ತನಾದ ಮೇಲೆ ಧೈರ್ಯ ಮಾಡಿ, ನನ್ನ ಹಳೆಯ ವಿದ್ಯಾರ್ಥಿನಿ ಡಾಕ್ಟರ್ ಶಮಾಳ ದವಾಖಾನೆಗೆ ಸಪತ್ನೀಕನಾಗಿ ದಯಮಾಡಿಸಿದೆ.

“ಸರ್, ಹಲ್ಲು ಹೋಗಿ ಭಾಳ ವರ್ಷ ಆಗಿ ಎಲುಬು ತೆಳ್ಳಗಾಗೈತ್ರಿ. ಅದರ ಮ್ಯಾಲೆ ಮೂಗಿಗೆ ಕೂಡಿದ, ಬರೇ ಗಾಳಿ ತುಂಬಿದ ಸೈನಸ್. ಹೊಸ ಹಲ್ಲಿನ ಸ್ಕ್ರೂ ನಿಲ್ಲಬೇಕಂದ್ರ ಮೊದಲು ಅಲ್ಲಿ ಎಲುಬಿನ ಪುಡಿ ತುಂಬಬೇಕು.”

“ಯಾವುದರ ಎಲುಬವ್ವಾ?” ಎಂದಳು ಲಲಿತಾ. ನಾವಿಬ್ಬರೂ ತತ್ತಿಯನ್ನೂ ಮುಟ್ಟದವರು.

“ಆಕಳದ್ದು ಐತ್ರಿ, ಹಂದಿದು ಐತ್ರಿ. ಸತ್ತವರು ದಾನ ಮಾಡಿದ್ದೂ ಸಿಗತೈತಿ.”

ಲಲಿತಾಳ ಕೈ ಕೊರಳಿನ ಲಿಂಗದ ಮೇಲೆ ಹೋಯಿತು.

“ಇಲ್ಲಂದ್ರ ಸರ್ ಅವರ ಗದ್ದದಿಂದನ ಚೂರು ತಗೀಬಹುದು.”

“ಅದನ್ನ ತಗಿಯವ್ವಾ” ಎಂದಳು ಲಲಿತಾ. “ಮಾತಾಡಿ ಮಾತಾಡಿ ಛಲೋ ಗಟ್ಟಿಯಾಗೈತಿ.”

ಕೊನೆಗೆ ಕಾರ್ಖಾನೆಯಲ್ಲಿ ತಯಾರಾದ, ಯಾವ ಪ್ರಾಣಿಗೂ ಸಂಬಂಧವಿಲ್ಲದ ಪುಡಿಗೆ ಒಪ್ಪಿಗೆಯಾಯಿತು. ಅದನ್ನು ತುಂಬಿಸಿಕೊಂಡು ಬಂದು, ಸಸ್ಯಾಹಾರಿ ಎಲುಬಿನ ಒಡೆಯನಾದೆನೆಂದು ಓಣಿಯ ತುಂಬ ಹೇಳಿಕೊಂಡು ತಿರುಗಿದೆ. ಸೀನು ಬಂದರೆ ಪುಡಿ ಕದಲೀತೆಂದು ಲಲಿತಾ ಹದಿನೈದು ದಿನ ಮೆಣಸಿನಕಾಯಿ ಒಗ್ಗರಣೆಯನ್ನೇ ಬಿಟ್ಟಳು. ನಾನು ಗಂಜಿ ಸಪ್ಪೆಯೆಂದು ಗೊಣಗಿದೆ.

ಎಂಟು ತಿಂಗಳು ಕಾದು ಸ್ಕ್ರೂ ಕೂರಿಸಿದರು. ಮತ್ತೈದು ತಿಂಗಳಿಗೆ ಹಲ್ಲು ಬಂದವು. “ಇವತ್ತು ಖಡಕ್ ರೊಟ್ಟಿ” ಎಂದು ಆಜ್ಞೆ ಹೊರಡಿಸಿದೆ. ಲಲಿತಾ ತೆಳ್ಳಗೆ ಬಡಿದಳು, ಹಂಚಿನ ಮೇಲೇ ಒಣಗಿಸಿದಳು. ಮುರಿದೆ. ಅದೇ ಸಪ್ಪಳ. ನಮ್ಮವ್ವ ಇಲ್ಲೇ ಒಲೆಯ ಮುಂದೆ ಕೂತಿದ್ದಾಳೆ ಅನ್ನಿಸಿತು.

“ನೀನೂ ತಿನ್ನು” ಎಂದೆ.

ಅವಳು ತನ್ನ ರೊಟ್ಟಿಯನ್ನು ಚೂರು ಮಾಡಿ ಸಾರಿನಲ್ಲಿ ನೆನೆಹಾಕಿದಳು.

“ಯಾಕ?”

“ನನಗ ಅಗಿಯಾಕ ಎಲ್ಲಿ ಹಲ್ಲದಾವ್ರಿ? ಎರಡೂ ಕಡೆ ಮ್ಯಾಲಿನ ದವಡಿ ಖಾಲಿ. ನಿಮ್ಮವಕ್ಕಿಂತ ಮೊದಲ ಹೋದುವು.”

ನಮ್ಮ ಮನೆಯ ರೊಟ್ಟಿ ಯಾಕೆ ಮೆತ್ತಗಿತ್ತೆಂದು ಈಗ ತಿಳಿಯಿತು. ಒಂದೇ ಅಡುಗೆಮನೆಯಲ್ಲಿ ಎದುರು ಬದುರು ಕೂತು ಉಂಡವನು ನಾನು. ಭಾಳ ನಾಚಿಕೆಯಾಯಿತು.

“ಹೇಳಬಾರದಿತ್ತೇನು?”

“ನೀವು ನಿಮ್ಮವ್ವನ ರೊಟ್ಟಿ ಸುದ್ದಿ ನಿಲ್ಲಿಸಿದ್ರ ತಾನ ನಾ ಬಾಯಿ ತಗಿಯೂದು?”

ನಾನೂ ನನ್ನ ರೊಟ್ಟಿಯನ್ನು ಸಾರಿಗೆ ಹಾಕಲು ಹೋದೆ. ಅವಳು ಕೈ ಹಿಡಿದಳು.

“ನೆನಸಬ್ಯಾಡ್ರಿ. ನೀವು ಕಟಕಟ ಅಂತ ತಿನ್ರಿ, ನಾ ಕೇಳ್ತೀನಿ. ಆ ಸಪ್ಪಳ ಕೇಳಿ ನನಗೂ ಭಾಳ ವರ್ಷ ಆತು.”