ಬೆಂಕಿಬಾಗಿಲು ಮತ್ತು ಮೇಷ್ಟ್ರ ನಿದ್ದೆ

ಶಾಲೆಯ ಬೇಸಿಗೆ ರಜೆಯ ಒಂದು ಬೆಳಿಗ್ಗೆ ಡ್ರಾಯಿಂಗ್ ಮೇಷ್ಟ್ರು ಟೈಲರಮ್ಮನ ಇಸ್ತ್ರಿಪೆಟ್ಟಿಗೆಯನ್ನು ಎಡವಿ ಹೆಬ್ಬೆರಳು ಜಜ್ಜಿಕೊಂಡರು. ಇಸ್ತ್ರಿಪೆಟ್ಟಿಗೆ ಇರಬೇಕಾದ್ದು ಟೈಲರಮ್ಮನ ಮೇಜಿನ ಮೇಲೆ. ಇದ್ದದ್ದು ಮೂರನೇ ಮಹಡಿಯ ಮೆಟ್ಟಿಲ ಬಾಗಿಲ ಬುಡದಲ್ಲಿ, ಅದು ಮುಚ್ಚಿಕೊಳ್ಳದ ಹಾಗೆ ಒತ್ತುಕೊಟ್ಟು.

ಅದು ಅಂತಿಂಥ ಬಾಗಿಲಲ್ಲ, ಬೆಂಕಿಬಾಗಿಲು. ಎಲ್ಲಾದರೂ ಬೆಂಕಿ ಬಿದ್ದರೆ ಹೊಗೆ ಮೆಟ್ಟಿಲಿಗೆ ನುಗ್ಗದಂತೆ ತಡೆಯಬೇಕಾದ, ಕೈಬಿಟ್ಟರೆ ತಾನೇ ಮುಚ್ಚಿಕೊಳ್ಳಬೇಕಾದ ಭಾರೀ ಬಾಗಿಲು. ಆ ಕಟ್ಟಡದಲ್ಲಿ ಮಹಡಿಗೊಂದರಂತೆ ಇಂಥವು ನಾಲ್ಕಿದ್ದವು. ಜನರೆಲ್ಲ ಓಡಾಡುವುದು ಲಿಫ್ಟಿನಲ್ಲಿ. ಈ ಬಾಗಿಲುಗಳು ಮುಚ್ಚಿದ್ದನ್ನು ಕಂಡವರೇ ಇರಲಿಲ್ಲ.

ಬೆರಳು ಹಿಡಿದುಕೊಂಡು ಅಲ್ಲೇ ಕುಕ್ಕರಿಸಿದ ಮೇಷ್ಟ್ರ ಕಣ್ಣಿಗೆ ಬಾಗಿಲಿನ ಹುಳುಕೆಲ್ಲ ಒಟ್ಟಿಗೇ ಬಿತ್ತು. ಕೆಳಗಿನ ಕೀಲಿನ ತಿರುಪುಮೊಳೆ ಮಾಯ. ಹೊಗೆ ತಡೆಯಲೆಂದು ಅಂಚಿಗೆ ಅಂಟಿಸಿದ್ದ ಪಟ್ಟಿ ಕಿತ್ತು ಬಾಲದಂತೆ ನೇತಾಡುತ್ತಿದೆ. ಬಾಗಿಲು ಒಂದು ಕಡೆಗೆ ವಾಲಿದೆ. ಹುಡುಗರು ವಾರೆಯಾಗಿ ಗೆರೆ ಎಳೆದರೇ ಹಲ್ಲು ಕಡಿಯುವ ಮೇಷ್ಟ್ರಿಗೆ ಮೈ ಪರಚಿಕೊಳ್ಳುವಂತಾಯಿತು.

ನೋಡಿಯೂ ನೋಡದ ಹಾಗೆ ಎದ್ದು ಹೋಗಬಹುದಿತ್ತು. ಆದರೆ ಅವರು ಕಟ್ಟಡದ ನಿವಾಸಿಗಳ ಸಂಘದ ಕಾರ್ಯದರ್ಶಿ. ಹಾಗೆ ಆದದ್ದೂ ಒಂದು ಅನ್ಯಾಯವೇ. ಸಭೆಯಲ್ಲಿ ಅಧ್ಯಕ್ಷರು "ಯಾರಾಗ್ತೀರಿ ಕಾರ್ಯದರ್ಶಿ?" ಎಂದು ಕೇಳಿದ ಹೊತ್ತಿಗೆ ಸರಿಯಾಗಿ, ತೂಕಡಿಸುತ್ತಿದ್ದ ಮೇಷ್ಟ್ರ ತಲೆ ಮುಂದಕ್ಕೆ ಜೋಲಿ ಹೊಡೆಯಿತು. ಚಪ್ಪಾಳೆಯ ಸದ್ದಿಗೆ ಎಚ್ಚರವಾದಾಗ ಕೆಲಸ ಕೊರಳಿಗೆ ಬಿದ್ದಾಗಿತ್ತು.

ಅಂದಿನಿಂದ ಮಧ್ಯಾಹ್ನದ ನಿದ್ದೆಗೆ ಸಂಚಕಾರ. ಕಣ್ಣು ಮುಚ್ಚಿದರೆ ಬೆಲ್ಲು: ನೀರು ಬರಲಿಲ್ಲ, ಲಿಫ್ಟು ನಿಂತಿತು, ಮೇಲಿನ ಮನೆಯವರು ಕುರ್ಚಿ ಎಳೆದರು. ಇದು ಸಾಲದೆಂದು ಹೆಂಡತಿ, "ಗುಜರಿಗೆ ಹಾಕಿ ಬನ್ನಿ" ಎಂದು ಹಳೇ ಸೋಫಾವನ್ನು ಮನೆಯಿಂದ ಅಟ್ಟಿ, ಕೋರ್ಟಿನ ಬೆಂಚಿನಂಥ ಹೊಸದೊಂದನ್ನು ತಂದಿದ್ದಳು. ಮೇಷ್ಟ್ರು ಊಟವಾದ ಕೂಡಲೇ "ಕೆಳಗೆ ಒಂದು ಸುತ್ತು ಹಾಕಿ ಬರ್ತೀನಿ" ಎಂದು ಹೊರಟುಬಿಡುತ್ತಿದ್ದರು. ಗಂಡನ ಶ್ರದ್ಧೆ ಕಂಡು ಹೆಂಡತಿಗೇ ಆಶ್ಚರ್ಯ.

ಮೇಷ್ಟ್ರು ಕುಂಟುತ್ತ ಅಧ್ಯಕ್ಷರ ಮನೆಗೆ ಹೋದರು. ಅಧ್ಯಕ್ಷರು ಹಲ್ಲಿನ ಡಾಕ್ಟರು. ಎದುರಿಗಿದ್ದವರು ಬಾಯಿ ತೆರೆದರೆ ಮಾತು ಕೇಳುವುದಕ್ಕಿಂತ ದವಡೆ ನೋಡುವ ಅಭ್ಯಾಸ.

"ಬಾಗಿಲು ತಪಾಸಣೆಗೆ ಯಾರನ್ನಾದ್ರೂ ಕರೆಸ್ಬೇಕು ಡಾಕ್ಟ್ರೇ. ಕಣ್ಣಿಗೇ ಕಾಣೋ ಹಾಗೆ ಹಾಳಾಗಿವೆ."

"ಹಾಳಾಗಿದ್ದಾಗ ಕರೆದ್ರೆ ನಮ್ಮ ಮರ್ಯಾದೆ ಏನಾಗ್ಬೇಕು? ಮೊದಲು ಸರಿ ಮಾಡ್ಸಿ."

"ಸರಿ ಮಾಡ್ಸಿದ ಮೇಲೆ?"

"ಸರಿಯಾದ ಮೇಲೆ ಅವರನ್ನ ಯಾಕೆ ಕರೀಬೇಕು? ಬಂದು ಏನು ನೋಡ್ತಾರೆ?"

ಮೇಷ್ಟ್ರಿಗೆ ಗೋಡೆಗೆ ತಲೆ ಚಚ್ಚಿಕೊಳ್ಳೋಣವೆನ್ನಿಸಿತು. "ಹಲ್ಲು ನೋವು ಅಂತ ಬಂದವರಿಗೆ ನೀವು ಹೀಗೇ ಹೇಳ್ತೀರಾ?"

ಡಾಕ್ಟರು ನಕ್ಕುಬಿಟ್ಟರು. "ಆಯ್ತು, ಕರೀರಿ. ಬಾಗಿಲ ವಿಷಯದಲ್ಲಿ ಎಲ್ಲಾ ಸರಿ ಅಂತ ಅವರ ಬಾಯಿಂದ ಬರಲಿ, ಅವತ್ತೇ ನಿಮ್ಮನ್ನ ಕಾರ್ಯದರ್ಶಿ ಕೆಲಸದಿಂದ ಬಿಡಿಸ್ತೀನಿ."

ಮೇಷ್ಟ್ರ ಕಣ್ಣೆದುರು ಮಧ್ಯಾಹ್ನಗಳು ಸಾಲಾಗಿ ಬಂದು ಮಲಗಿದವು. ಅಲ್ಲಿಂದಲೇ ತಪಾಸಣೆಯವರಿಗೆ ಫೋನ್ ಮಾಡಿದರು. ಮುಂದಿನ ತಿಂಗಳು ಬರುತ್ತಾರೆಂದು ಅವರ ಎಣಿಕೆ. ಆದರೆ ತಪಾಸಣೆಯ ಮೇಡಂ, "ಇವತ್ತು ನಿಮ್ಮ ಪಕ್ಕದ ಬೀದೀಲೇ ಇದ್ದೀನಿ. ಊಟ ಮುಗಿಸಿ ಬಂದ್ಬಿಡ್ತೀನಿ" ಎಂದರು.

ಅಷ್ಟರೊಳಗೆ ಬಾಗಿಲುಗಳ ಒತ್ತುಗಳನ್ನೆಲ್ಲ ತೆಗೆಯಬೇಕೆಂದು ಮೇಷ್ಟ್ರು ಒಂದು ದೊಡ್ಡ ಚೀಲ ಹೆಗಲಿಗೇರಿಸಿ ಓಡಿದರು.

"ಇಸ್ತ್ರಿಪೆಟ್ಟಿಗೆ ತೆಗೆದ್ರೆ ನಂಗೆ ಗಾಳಿ ಎಲ್ಲಿಂದ ಬರುತ್ತೆ?" ಎಂದು ಟೈಲರಮ್ಮ ಕತ್ತರಿ ಹಿಡಿದೇ ಬಂದಳು. "ಎರಡು ದಿನಕ್ಕೆ ಅಂತ ಇಟ್ಟಿದ್ದು ಮೇಷ್ಟ್ರೇ!"

"ಎರಡು ದಿನ ಅಂತ ಇಟ್ಟಿದ್ದು ಎರಡು ವರ್ಷ ಕೂರುತ್ತಮ್ಮ. ಎಲ್ಲರೂ ಹೇಳೋದು ಇದನ್ನೇ!" ಎಂದು ರೇಗಿ ಮೇಷ್ಟ್ರು ಪೆಟ್ಟಿಗೆ ಚೀಲಕ್ಕೆ ಹಾಕಿದರು.

ನಾಲ್ಕನೇ ಮಹಡಿಯ ಅಜ್ಜಿ ಬಾಗಿಲಿಗೆ ಒತ್ತುಕೊಟ್ಟದ್ದು ತೀರಿಹೋದ ವಕೀಲ ತಾತನ ದಪ್ಪ ಕಾನೂನು ಪುಸ್ತಕ. "ತೆಗೀಬೇಡಪ್ಪ. ಅವರಿದ್ದಾಗ ಅದರಿಂದ ಒಂದು ಕೇಸೂ ಗೆಲ್ಲಲಿಲ್ಲ. ಈಗಾದ್ರೂ ಉಪಯೋಗಕ್ಕೆ ಬರ್ತಿದೆ."

"ಅಜ್ಜೀ, ಬೆಂಕಿ ಬಿದ್ದರೆ ಹೊಗೆಯೆಲ್ಲ ಮೆಟ್ಟಿಲಿಗೆ ನುಗ್ಗುತ್ತೆ!"

"ನಾನು ಒಲೆ ಹಚ್ಚೋದೇ ಇಲ್ವಲ್ಲ. ಊಟ ಮಗಳ ಮನೆಯಿಂದ ಬರುತ್ತೆ."

ಮೇಷ್ಟ್ರು ಪುಸ್ತಕ ಕಿತ್ತುಕೊಂಡರು. ಎರಡನೇ ಮಹಡಿಯಲ್ಲಿ ಪೈಲ್ವಾನನ ಡಂಬೆಲ್ಲು, ಮೊದಲನೆಯದರಲ್ಲಿ ಸಾಕ್ಷಾತ್ ಅಧ್ಯಕ್ಷರದೇ ಹೂಕುಂಡ. ಹೂಕುಂಡವನ್ನು ಡಾಕ್ಟರ ಮನೆಯೊಳಗಿಟ್ಟು, ಮಿಕ್ಕಿದ್ದನ್ನು ಹೊತ್ತು, ಬೆನ್ನು ಬಾಗಿ ಲಿಫ್ಟಿನಲ್ಲಿ ಮತ್ತೆ ಮೂರನೇ ಮಹಡಿಗೆ ಬಂದರು. ಕೀಲಿಗೆ ಹೊಸ ಮೊಳೆ ತಿರುಪಿದರು. ಬಾಗಿಲು ನೆಟ್ಟಗಾಯಿತು.

ಇನ್ನುಳಿದದ್ದು ಸಂದಿನ ಪರೀಕ್ಷೆ. ಬಾಗಿಲು ಮುಚ್ಚಿ ಆಚೆಯಿಂದ ನೋಡಿದರೆ ಎಲ್ಲಿ ಬೆಳಕು ತೂರುತ್ತದೋ ಅಲ್ಲಿ ಹೊಗೆಯೂ ತೂರುತ್ತದೆ. ಮೇಷ್ಟ್ರು ಚೀಲವನ್ನು, ಅದರೊಳಗಿದ್ದ ಫೋನಿನ ಸಮೇತ, ಮನೆಗಳ ಕಡೆ ಇಟ್ಟು ಮೆಟ್ಟಿಲ ಕಡೆಗೆ ನಿಂತು ಬಾಗಿಲು ಬಿಟ್ಟರು. ಅದು ನಿಧಾನವಾಗಿ, ಗಂಭೀರವಾಗಿ ಬಂದು ಠಪ್ಪೆಂದು ಮುಚ್ಚಿಕೊಂಡಿತು.

"ಶಭಾಷ್!" ಎಂದರು ಮೇಷ್ಟ್ರು. ಕಿತ್ತ ಪಟ್ಟಿಯ ಹತ್ತಿರ ಒಂದು ಗೆರೆ ಬೆಳಕು, ಅಷ್ಟೇ. ಖುಷಿಯಿಂದ ಹಿಡಿಗೆ ಕೈ ಹಾಕಿದರು. ಹಿಡಿ ಇರಲಿಲ್ಲ.

ಮೆಟ್ಟಿಲ ಕಡೆಯಿಂದ ಕಳ್ಳರು ಮನೆಗಳಿಗೆ ನುಗ್ಗಬಾರದೆಂದು ಕಟ್ಟಿದವರು ಆ ಬದಿಗೆ ಹಿಡಿಯನ್ನೇ ಇಟ್ಟಿರಲಿಲ್ಲ. ಒಳಹೊಕ್ಕವರು ಕೆಳಗಿಳಿದು ಹಿಂಬಾಗಿಲಿನಿಂದ ಬೀದಿಗೆ ಹೋಗಬೇಕು. ಬಾಗಿಲು ಎಂದೂ ಮುಚ್ಚದ್ದರಿಂದ ಇದು ಯಾರಿಗೂ ಗೊತ್ತಾಗಿರಲಿಲ್ಲ.

ಮೇಷ್ಟ್ರು ನಾಲ್ಕನೇ ಮಹಡಿಗೆ ಹತ್ತಿದರು, ಮುಚ್ಚಿತ್ತು. ಎರಡಕ್ಕಿಳಿದರು, ಮುಚ್ಚಿತ್ತು. ಒಂದಕ್ಕಿಳಿದರು, ಅದೂ ಮುಚ್ಚಿತ್ತು. ತಾವೇ ಕೈಯಾರೆ ಮುಚ್ಚಿಸಿದ್ದರಲ್ಲ! ಬಡಿದರು, ಕೂಗಿದರು. ಹೊಗೆಯನ್ನೇ ತಡೆಯುವ ಬಾಗಿಲು ಮೇಷ್ಟ್ರ ಕೂಗಿಗೆ ಸೊಪ್ಪು ಹಾಕುತ್ತದೆಯೇ?

ಉಳಿದದ್ದು ತಳದ ಹಿಂಬಾಗಿಲು. ಅದನ್ನು ನೆನೆದ ಕೂಡಲೇ ಮೇಷ್ಟ್ರು ಹಣೆ ಬಡಿದುಕೊಂಡರು. ಏಕೆಂದರೆ ಆ ಬಾಗಿಲಿಗೆ ಅಡ್ಡವಾಗಿ ಹಳೇ ಸೋಫಾ ಇತ್ತು.

ಹೌದು, ಅದೇ ಸೋಫಾ. ಗುಜರಿಗೆ ಹಾಕಲು ಮನಸ್ಸು ಬಾರದೆ, ಇಬ್ಬರು ಕೂಲಿಯವರಿಂದ ಹೊರಿಸಿ ಮೆಟ್ಟಿಲ ತಳದಲ್ಲಿ ಇಡಿಸಿದ್ದರು. ಅವರ "ಒಂದು ಸುತ್ತು" ದಿನಾ ಮುಗಿಯುತ್ತಿದ್ದದ್ದು ಅದರ ಮೇಲೆಯೇ. ಈ ಬಾಗಿಲಿಂದ ಯಾರು ಹೋಗ್ತಾರೆ, ಎರಡು ದಿನ ಇರಲಿ ಎಂದುಕೊಂಡಿದ್ದರು. ಬೆಂಕಿಬಾಗಿಲುಗಳ ಲೆಕ್ಕ ಹಾಕುವಾಗಲೂ ಇದು ಅವರ ತಲೆಗೆ ಹೊಳೆದಿರಲಿಲ್ಲ.

ಎಳೆದರು, ನೂಕಿದರು, ಭುಜ ಕೊಟ್ಟರು. ಗೋಡೆಗೂ ಮೆಟ್ಟಿಲ ಕಂಬಿಗೂ ನಡುವೆ ಸಿಕ್ಕಿಕೊಂಡ ಸೋಫಾ ಮಿಸುಕಲಿಲ್ಲ. ಬಾಗಿಲ ಚಿಲಕ ಅದರ ಬೆನ್ನ ಹಿಂದೆ, ಕೈಗೆ ಎಟುಕದ ಕಡೆ. ಬೆವರಿಳಿಯಿತು. ಉಸಿರು ಬಿಡಲು ಒಂದು ಗಳಿಗೆ ಕೂತರು. ಸೋಫಾದ ಹಳೇ ಗುಳಿ ಬಹಳ ದಿನದ ಗೆಳೆಯನಂತೆ ಅವರನ್ನು ಒಳಗೆಳೆದುಕೊಂಡಿತು.

ಎಚ್ಚರವಾದಾಗ ಮುಖದ ಮೇಲೆ ಟಾರ್ಚಿನ ಬೆಳಕು. ಹಿಂದೆ ತಪಾಸಣೆಯ ಮೇಡಂ, ಡಾಕ್ಟರು, ಟೈಲರಮ್ಮ. ಎಲ್ಲರಿಗಿಂತ ಹಿಂದೆ, ಸೊಂಟದ ಮೇಲೆ ಕೈಯಿಟ್ಟು, ಹೆಂಡತಿ. ಮೊದಲನೇ ಮಹಡಿಯ ಬಾಗಿಲು ಮುಚ್ಚಿಕೊಳ್ಳದಂತೆ ಪೈಲ್ವಾನ ಹಿಡಿದು ನಿಂತಿದ್ದ.

"ಬಾಗಿಲುಗಳನ್ನೆಲ್ಲ ನೋಡಿದೆ" ಎಂದರು ಮೇಡಂ. "ಪಟ್ಟಿ ಕಿತ್ತಿದೆ, ಕೆಲವು ಕಡೆ ಸಂದು ಜಾಸ್ತಿ. ಬಡಗಿ ಬಂದ್ರೆ ಸರಿಹೋಗುತ್ತೆ. ಕಣ್ಣಿಗೆ ಬಿದ್ದ ತಕ್ಷಣ ಕರೆದ್ರಲ್ಲ, ಒಳ್ಳೇದಾಯ್ತು. ಅದೆಲ್ಲ ದೊಡ್ಡದಲ್ಲ. ಆದರೆ ಬೆಂಕಿ ಬಿದ್ದಾಗ ಇಡೀ ಕಟ್ಟಡ ಓಡಿ ಬರೋ ಬಾಗಿಲಿಗೆ ಸೋಫಾ ಅಡ್ಡ ಇಟ್ಟವರು ಯಾರು?"

ಮೇಷ್ಟ್ರು ಬಾಯಿ ತೆರೆದರು. ಡಾಕ್ಟರು ಅಭ್ಯಾಸಬಲದಿಂದ ಅದರೊಳಗೆ ನೋಡಿದರು.

"ರೀ," ಎಂದಳು ಹೆಂಡತಿ ತಣ್ಣಗೆ, "ಗುಜರಿಯವನು ತುಂಬಾ ದೂರ ಹೊತ್ಕೊಂಡು ಹೋಗಿದ್ದಾನೆ."

"ಮುಂದಿನ ತಿಂಗಳು ಮತ್ತೆ ಬರ್ತೀನಿ" ಎಂದರು ಮೇಡಂ. ಡಾಕ್ಟರು ಮೇಷ್ಟ್ರ ಬೆನ್ನು ತಟ್ಟಿದರು. "ಎಲ್ಲಾ ಸರಿ ಅನ್ನಲಿಲ್ಲ ನೋಡಿ. ಅಲ್ಲೀವರೆಗೂ ನೀವೇ ಕಾರ್ಯದರ್ಶಿ."

ಸಂಜೆಗೆ ಸೋಫಾ ನಿಜವಾಗಿಯೂ ಗುಜರಿ ಸೇರಿತು. ಹೆಂಡತಿ ಜೊತೆಗೇ ಹೋಗಿ ಕಣ್ಣಾರೆ ನೋಡಿ ಬಂದಳು. ಮೇಷ್ಟ್ರು ಹೊಸ ಸೋಫಾದ ಮೇಲೆ ಆರೋಪಿಯಂತೆ ನೆಟ್ಟಗೆ ಕೂತಿದ್ದಾಗ ಬೆಲ್ಲಾಯಿತು. ಟೈಲರಮ್ಮ.

"ಇಸ್ತ್ರಿಪೆಟ್ಟಿಗೆ ಕೊಡ್ತೀರಾ ಮೇಷ್ಟ್ರೇ? ಮೇಡಂ ಬರೋದು ಮುಂದಿನ ತಿಂಗಳಲ್ವಾ?"

ಅವಳನ್ನು ಗದರಿಸಿ ಕಳಿಸಿ ಬಾಗಿಲು ಹಾಕುವಷ್ಟರಲ್ಲಿ ಡಾಕ್ಟರು ಬಂದರು. ದನಿ ತಗ್ಗಿಸಿ, "ಮೇಷ್ಟ್ರೇ, ಮೆಟ್ಟಿಲ ತಳ ಖಾಲಿಯಾಯ್ತಲ್ಲ? ನನ್ನ ಕ್ಲಿನಿಕ್ಕಿನ ಹಳೇ ಕುರ್ಚಿ ಒಂದಿದೆ, ಹಲ್ಲು ಕೀಳೋದು. ಬರೀ ಎರಡು ದಿನ ಅಲ್ಲಿಡ್ಲಾ?"

ಮೇಷ್ಟ್ರಿಗೆ ನೆತ್ತಿಗೇರಿತು. ಬೆಳಗಿನಿಂದ ನುಂಗಿಕೊಂಡ ಬೈಗುಳವೆಲ್ಲ ನಾಲಗೆಯ ತುದಿಗೆ ಬಂತು. ಬೆರಳೆತ್ತಿ, ಎದೆ ತುಂಬ ಉಸಿರೆಳೆದುಕೊಂಡರು. ಆಮೇಲೆ ಒಮ್ಮೆ ತಿರುಗಿ ಹೆಂಡತಿ ಅಡುಗೆಮನೆಯಲ್ಲಿದ್ದಾಳೆಂದು ಖಾತ್ರಿ ಮಾಡಿಕೊಂಡು ಮೆಲ್ಲಗೆ ಕೇಳಿದರು:

"ಅದು ಪೂರ್ತಿ ಹಿಂದಕ್ಕೆ ಬಾಗುತ್ತಾ?"