ದೇಶದ ಅಳಿಯನ ಅರ್ಜಿ

ಮದುವೆಯಾಗಿ ಆರು ವರ್ಷ ಕಳೆದ ಮೇಲೆ ಸರ್ಕಾರ ಕಾಗದ ಬರೆದು, "ನಿಮಗೆ ಮದುವೆಯಾಗಿರುವುದು ನಿಜವೇ?" ಎಂದು ಕೇಳಿದರೆ ಗಂಡಸಾದವನಿಗೆ ಮೊದಲು ಹುಟ್ಟುವುದು ಕೋಪವಲ್ಲ, ಆಸೆ. ಒಂದು ಕ್ಷಣ ನನಗೂ ಹುಟ್ಟಿತು. (ನನ್ನ ಹೆಂಡತಿ ನಾನು ಬರೆದದ್ದನ್ನು ಓದುವುದಿಲ್ಲ ಎಂಬ ಧೈರ್ಯದ ಮೇಲೆ ಈ ಮಾತು.) ಮರುಕ್ಷಣವೇ ಭಯವಾಯಿತು. ಏಕೆಂದರೆ ನಾನು ಹುಟ್ಟಿದ್ದು ಗಡಿಯ ಆ ಕಡೆ, ಅವಳು ಹುಟ್ಟಿದ್ದು ಈ ಕಡೆ. ಈ ಕಡೆ ಇರಲು ನನಗಿದ್ದ ತಾತ್ಕಾಲಿಕ ಪರವಾನಗಿ ಇನ್ನು ಎಪ್ಪತ್ತು ದಿನಕ್ಕೆ ಮುಗಿಯುವುದರಲ್ಲಿತ್ತು. ಅಷ್ಟರೊಳಗೆ ಮದುವೆ ನಿಜವೆಂದು ರುಜುವಾತಾದರೆ ನಾನು ಖಾಯಂ ನಿವಾಸಿ. ಇಲ್ಲವಾದರೆ ಗಂಟುಮೂಟೆ ಕಟ್ಟಬೇಕು.

ನಾನು ಕನ್ನಡಕದ ಅಂಗಡಿಯಲ್ಲಿ ಗಾಜು ಉಜ್ಜುವವನು. ಊರಿನವರ ಕಣ್ಣು ತೆರೆಸುವುದು ನನ್ನ ಕಸುಬು. ನನ್ನ ಹೆಂಡತಿ ನಗರ ಸಾರಿಗೆಯ ಬಸ್ಸು ಓಡಿಸುತ್ತಾಳೆ. ಕನ್ನಡಕದ ಕಡ್ಡಿ ಮುರಿದುಕೊಂಡು ನಮ್ಮ ಅಂಗಡಿಗೆ ಬಂದವಳು, ಅದು ರಿಪೇರಿಯಾಗುವಷ್ಟರಲ್ಲಿ ನನ್ನ ಸಂಬಳ, ಸಂಸಾರ, ಸ್ವಭಾವ ಎಲ್ಲವನ್ನೂ ವಿಚಾರಿಸಿ, ಮುಂದಿನ ತಿಂಗಳು ನನ್ನನ್ನು ಮದುವೆಯಾದಳು. ಬಸ್ಸಿನಲ್ಲಿ ಬಾಯಿಗೆ ಹತ್ತಿದ ಮಾತು ಮನೆಯಲ್ಲೂ ಬಿಡಲಿಲ್ಲ. ಬೆಳಿಗ್ಗೆ ನಾನು ಬಚ್ಚಲಮನೆಯ ಮುಂದೆ ನಿಂತಿದ್ದರೆ, "ಮುಂದೆ ಹೋಗ್ರೀ, ಮುಂದೆ ಹೋಗಿ, ಬಾಗಿಲಲ್ಲೇ ನಿಂತ್ಕೋಬೇಡಿ!" ಎನ್ನುತ್ತಾಳೆ. ಮೂರನೇ ಮಹಡಿಯ ಆ ಎರಡು ಕೋಣೆಯ ಮನೆ ಅವಳ ತಾಯಿಯದು. ನಿವೃತ್ತ ಗಣಿತದ ಟೀಚರಾದ ನನ್ನ ಅತ್ತೆ, ಮಂಡಿನೋವಿನ ಕಾರಣದಿಂದ, ಆ ಮನೆಯ ಏಕೈಕ ಆರಾಮ ಕುರ್ಚಿಯಲ್ಲಿ ಶಾಶ್ವತವಾಗಿ ವಿರಾಜಮಾನರಾಗಿರುತ್ತಾರೆ. ನಾನು ಮನೆ ಅಳಿಯ. ಆದರೆ ನನ್ನ ಲೆಕ್ಕದಲ್ಲಿ ನಾನು ಬರೀ ಮನೆಗಲ್ಲ, ಇಡೀ ದೇಶಕ್ಕೇ ಅಳಿಯ. ಅಳಿಯನಿಗೆ ಮಣೆ ಹಾಕಿ ಕೂರಿಸುವುದು ಬಿಟ್ಟು, ನಿನ್ನ ಮದುವೆಗೆ ಸಾಕ್ಷಿ ತಾ ಎಂದು ಕೇಳುವ ಮಾವನ ಮನೆಯನ್ನು ನೀವು ಎಲ್ಲಾದರೂ ಕಂಡಿದ್ದೀರಾ?

ವಲಸೆ ಕಚೇರಿಯ ಎದುರು ಮರದ ಕೆಳಗೆ ಮೇಜು ಹಾಕಿಕೊಂಡು ಅರ್ಜಿ ಬರೆದುಕೊಡುವವನೊಬ್ಬನಿದ್ದಾನೆ. ಪ್ರತಿಯೊಂದನ್ನೂ ಎರಡೆರಡು ಸಲ ಹೇಳುವುದರಿಂದ ಅವನಿಗೆ ಎಲ್ಲರೂ ಕಾರ್ಬನ್ ಎನ್ನುತ್ತಾರೆ. ಅವನು ನನ್ನ ಇಪ್ಪತ್ತೇಳು ಪುಟದ ಅರ್ಜಿಯನ್ನು ತಿರುವಿ, "ಫೋಟೋ ಬೇಕು ಸಾರ್, ಫೋಟೋ. ಗಂಡ ಹೆಂಡ್ತಿ ಜೊತೆಗಿರೋದು, ಜೊತೆಗಿರೋದು" ಎಂದ.

ಆರು ವರ್ಷದ ಫೋಟೋಗಳನ್ನೆಲ್ಲ ಹಾಸಿಗೆಯ ಮೇಲೆ ಹರಡಿದೆವು. ಸಮುದ್ರದ ದಂಡೆಯಲ್ಲಿ ಹೆಂಡತಿ ಮತ್ತು ಅತ್ತೆ. ಉದ್ಯಾನದಲ್ಲಿ ಅತ್ತೆ ಮತ್ತು ಹೆಂಡತಿ. ಮೃಗಾಲಯದಲ್ಲಿ ಹೆಂಡತಿ, ಅತ್ತೆ, ಜಿರಾಫೆ. ನಾನು ಎಲ್ಲಿಯೂ ಇಲ್ಲ. ಇರುವುದು ಹೇಗೆ? ಕ್ಯಾಮೆರಾ ಹಿಡಿದವನು ನಾನೇ ಅಲ್ಲವೇ! ನಾಲ್ಕು ಚಿತ್ರಗಳಲ್ಲಿ ಮೂಲೆಯಲ್ಲಿ ನನ್ನ ಹೆಬ್ಬೆರಳು ಬಂದಿತ್ತು. ಒಂದೇ ಒಂದರಲ್ಲಿ ನಾನು ಪೂರ್ತಿಯಾಗಿ ಬಿದ್ದಿದ್ದೆ. ರೈಲು ನಿಲ್ದಾಣದಲ್ಲಿ, ಬೆನ್ನು ತೋರಿಸಿ, ತಲೆಯ ಮೇಲೊಂದು ಕೈಯಲ್ಲೆರಡು ಪೆಟ್ಟಿಗೆ ಹೊತ್ತು.

"ಇದನ್ನ ಕೊಟ್ರೆ ಕೂಲಿಯವನು ಯಾರು ಅಂತ ಕೇಳ್ತಾರೆ" ಎಂದಳು ಹೆಂಡತಿ.

"ಜಿರಾಫೆದು ಕೊಡಿ" ಎಂದರು ಅತ್ತೆ ಕುರ್ಚಿಯಿಂದಲೇ. "ಅದರಲ್ಲಿ ನನ್ನ ಮುಖ ಚೆನ್ನಾಗಿ ಬಂದಿದೆ."

ಹೀಗಾಗಿ ಉಳಿದ ಬ್ರಹ್ಮಾಸ್ತ್ರ ಒಂದೇ. ಈ ದೇಶದ ಪ್ರಜೆಯಾದ ಹೆಂಡತಿ ತನ್ನ ಗಂಡನ ಬಗ್ಗೆ, ತಮ್ಮ ದಾಂಪತ್ಯದ ಬಗ್ಗೆ, ಸ್ವಂತ ಕೈಬರಹದಲ್ಲಿ ಬರೆದುಕೊಡಬೇಕಾದ ಹೇಳಿಕೆ. ಪಾಪ, ಬಸ್ಸು ಓಡಿಸಿ ದಣಿದು ಬರುತ್ತಾಳೆ, ಕಷ್ಟವೇಕೆ ಎಂದು ನಾನೇ ಒಂದು ಕರಡು ಸಿದ್ಧಪಡಿಸಿದೆ. "ನನ್ನ ಪತಿದೇವರು ಸಕಲ ಸದ್ಗುಣಗಳ ಆಗರರೂ, ಮಿತಭಾಷಿಗಳೂ, ಸ್ಫುರದ್ರೂಪಿಗಳೂ ಆಗಿದ್ದು..." ಎಂದು ಶುರುವಾಗುತ್ತಿತ್ತು. ಅವಳು ನಿಂತುಕೊಂಡೇ ಓದಿದಳು.

"ಯಾರ್ರೀ ಇವರು?"

"ನಾನೇ ಕಣೇ."

"ನನಗೆ ಪರಿಚಯ ಇಲ್ಲ." ಕಾಗದವನ್ನು ನನ್ನ ಕೈಗೇ ಹಿಂದಿರುಗಿಸಿದಳು. "ಸುಳ್ಳು ಹೇಳಿಕೆ ಕೊಟ್ರೆ ಶಿಕ್ಷೆ ಅಂತ ಕೆಳಗೇ ಅಚ್ಚು ಹಾಕಿದ್ದಾರೆ. ನಂದು ಸರ್ಕಾರಿ ಕೆಲಸ. ನಾನು ಇದ್ದದ್ದು ಇದ್ದಹಾಗೆ ಬರೀತೀನಿ."

"ಇದ್ದದ್ದು ಇದ್ದಹಾಗೆ ಬರೆದ್ರೆ ನಾನು ಇದ್ದಲ್ಲಿ ಇರೋಕಾಗಲ್ಲ ಕಣೇ!"

"ಮುಂದೆ ಹೋಗ್ರೀ" ಎಂದು ಅಡುಗೆಮನೆಗೆ ದಾರಿ ಮಾಡಿಕೊಂಡು ಹೋದಳು.

ಮೂರು ದಿನ, ಡಿಪೋದಲ್ಲಿ ಊಟದ ಬಿಡುವಿನಲ್ಲಿ ಕೂತು, ಅವಳು ಬರೆದಳು. ನಿಯಮದ ಪ್ರಕಾರ ಅರ್ಜಿದಾರ ಅದನ್ನು ನೋಡುವಂತಿಲ್ಲವಂತೆ. ಲಕೋಟೆ ಅಂಟಿಸಿ ತಾನೇ ಹೋಗಿ ಕೊಟ್ಟು ಬಂದಳು. ಲಕೋಟೆ ದಪ್ಪವಾಗಿತ್ತು. ಪ್ರೇಮಪತ್ರ ದಪ್ಪವಾಗಿದ್ದರೆ ಸಂತೋಷ. ಆರು ವರ್ಷ ಸಂಸಾರ ಮಾಡಿದವಳ ಪತ್ರ ದಪ್ಪವಾಗಿದ್ದರೆ ಎದೆ ಧಸಕ್ಕೆನ್ನುತ್ತದೆ.

ಸಂದರ್ಶನದ ದಿನ ಬೆಳಿಗ್ಗೆ ಮೊದಲು ಅವಳನ್ನು ಕರೆದರು. ಹತ್ತೇ ನಿಮಿಷಕ್ಕೆ ಹೊರಬಂದು, "ಹೆದರ್ಕೋಬೇಡಿ, ಕೇಳಿದ್ದಕ್ಕೆ ಹೂಂ ಅನ್ನಿ, ನಿಮಗದು ಅಭ್ಯಾಸ ಇದೆ" ಎಂದು ನನ್ನ ಅಂಗಿಯ ಕಾಲರು ಸರಿಮಾಡಿ, ಬಸ್ಸಿಗೆ ಹೊತ್ತಾಯಿತೆಂದು ಹೊರಟುಹೋದಳು. ನಾನು, ಸಾಕ್ಷಿಯಾಗಿ ಬಂದಿದ್ದ ಅತ್ತೆಯ ಜೊತೆ ಒಳಗೆ ಹೋದೆ.

ಅಧಿಕಾರಿ ನಗುವ ಸ್ನಾಯುಗಳೇ ಇಲ್ಲದೆ ಹುಟ್ಟಿದ ಮನುಷ್ಯ. ಕನ್ನಡಕ ಎಡಗಡೆಗೆ ವಾಲಿತ್ತು. ಬಿಚ್ಚಿ ಸರಿಮಾಡಿಕೊಡಲು ನನ್ನ ಕೈ ಕಡಿಯುತ್ತಿತ್ತು. ಲಕೋಟೆಯಿಂದ ಹಾಳೆಗಳನ್ನು ತೆಗೆದು, ಮೇಜಿಗೆ ತಟ್ಟಿ ಅಂಚು ಸಮಮಾಡಿ, ಓದತೊಡಗಿದರು.

"ಒಂದು. 'ನಾನು ಬೈಯುತ್ತಿರುವಾಗ ಮಧ್ಯದಲ್ಲಿ ನನ್ನ ಕನ್ನಡಕ ಕಿತ್ತುಕೊಂಡು ಒರೆಸತೊಡಗುತ್ತಾರೆ. ಯಾರಿಗೆ ಬೈಯುತ್ತಿದ್ದೇನೆ ಎಂಬುದೇ ನನಗೆ ಕಾಣಿಸುವುದಿಲ್ಲ.' ನಿಜಾನಾ?"

"ಅದು ಸಾರ್... ವೃತ್ತಿಯ ಅಭ್ಯಾಸ."

"ನಿಜ. ಸಾಕ್ಷಿ ನಾನು" ಎಂದರು ಅತ್ತೆ.

"ಎರಡು. 'ಏನು ಹೇಳಿದರೂ ಕೇಳಿಸಿಕೊಳ್ಳದೆ ಹೂಂ ಅನ್ನುತ್ತಾರೆ. ಪರೀಕ್ಷೆ ಮಾಡಲು, ಬಸ್ಸನ್ನು ಅಡುಗೆಮನೆಯಲ್ಲಿ ನಿಲ್ಲಿಸಲೇ ಎಂದು ಕೇಳಿದೆ. ಹೂಂ ಎಂದರು.' ನಿಜಾನಾ?"

"ಹೂಂ" ಎಂದೆ. ಬಾಯಿಂದ ಜಾರಿಹೋಗಿತ್ತು.

"ಮೂರು. 'ನನ್ನ ಬಸ್ಸಿಗೆ ಹತ್ತಿದರೆ, ಇವರು ಕೂತಲ್ಲೇ ಬ್ರೇಕು ಒತ್ತುತ್ತಾರೆ. ಬಸ್ಸು ಕುಲುಕಿದಾಗಲೆಲ್ಲ ಎದ್ದುನಿಂತು, ಡ್ರೈವರ್ ನನ್ನ ಹೆಂಡತಿ, ದಯವಿಟ್ಟು ಕ್ಷಮಿಸಿ ಎಂದು ಪ್ರಯಾಣಿಕರ ಹತ್ತಿರ ಕೇಳಿಕೊಳ್ಳುತ್ತಾರೆ.'"

"ನಿಜ" ಎಂದರು ಅತ್ತೆ. "ನಾನೂ ಆ ಬಸ್ಸಲ್ಲಿದ್ದೆ. ನನ್ನ ಹತ್ರಾನೂ ಕ್ಷಮೆ ಕೇಳಿದ್ರು."

"ನಾಲ್ಕು. 'ಗೊರಕೆ ಹೊಡೆಯುತ್ತಾರೆ. ಕೇಳಿದರೆ ಫ್ರಿಜ್ಜಿನ ಶಬ್ದ ಅನ್ನುತ್ತಾರೆ. ಫ್ರಿಜ್ಜು ರಿಪೇರಿಗೆ ಹೋಗಿದ್ದ ವಾರದಲ್ಲೂ ಹಾಗೇ ಅಂದರು.'"

ಮನುಷ್ಯನ ಸಹನೆಗೂ ಒಂದು ಮಿತಿಯಿದೆ. "ಇಲ್ಲ ಸಾರ್!" ಎಂದು ಎದ್ದೆ. "ಇದು ಅಪವಾದ! ನಾನು ಗೊರಕೆ ಹೊಡೆಯೋದಿಲ್ಲ!"

ಅಧಿಕಾರಿಯ ಪೆನ್ನು ನಿಂತಿತು. "ಅಂದ್ರೆ ನಿಮ್ಮ ಹೆಂಡತಿ ಕೊಟ್ಟ ಹೇಳಿಕೆ ಸುಳ್ಳು ಅಂತೀರಾ? ಸುಳ್ಳಾದ್ರೆ ಅರ್ಜಿ ತಿರಸ್ಕರಿಸಬೇಕಾಗುತ್ತೆ."

ಗಡಿಯ ಆ ಕಡೆಯ ನನ್ನ ಅಣ್ಣನ ಮನೆಯ ಜಗಲಿ, ಅಲ್ಲಿ ಗೋಡೆಗೆ ಒರಗಿಸಿಟ್ಟ ನನ್ನ ಚಾಪೆ ಕಣ್ಣಮುಂದೆ ಬಂತು. ನಾನು ಕೂತೆ.

"ಗೊರಕೆ ನಂದೇ ಸಾರ್."

"ಜೋರಾಗಿಯಾ, ಮೆತ್ತಗಾ? ಇಲ್ಲಿ 'ಮೇಲಿನ ಮಹಡಿಯವರೆಗೆ' ಅಂತಿದೆ."

"ಮಹಡಿಯವರೆಗೆ ಸಾರ್. ಆಚೆ ಬೀದಿಯವರೆಗೆ ಅಂತ ಬೇಕಾದ್ರೂ ಬರ್ಕೊಳ್ಳಿ."

ಆಮೇಲೆ ನಾನು ತಡೆಯಲಿಲ್ಲ. ಮೂವತ್ತೊಂದು ಕಲಮುಗಳಿದ್ದವು. ಮೂವತ್ತೊಂದಕ್ಕೂ ತಲೆಯಾಡಿಸಿದೆ. ಕಾಫಿ ಕುಡಿದ ಲೋಟವನ್ನು ತೊಳೆಯದೆ, ನೀರು ತುಂಬಿಸಿ 'ನೆನೀಲಿ' ಎಂದು ತೊಟ್ಟಿಯಲ್ಲಿ ಬಿಡುತ್ತೇನೆಂದೂ, ಆ ಲೋಟ ಆರು ವರ್ಷದಿಂದ ನೆನೆಯುತ್ತಿದೆಯೆಂದೂ ಒಪ್ಪಿಕೊಂಡೆ. ಸ್ವಂತ ಕಿವಿಯಿಂದ ಸ್ವಂತ ಚರಮಗೀತೆ ಕೇಳುವ ಭಾಗ್ಯ ಎಷ್ಟು ಜನಕ್ಕಿದೆ ಹೇಳಿ! ಕೊನೆಯ ಹಾಳೆಯ ಕೊನೆಗೆ ಬಂದಾಗ ಅಧಿಕಾರಿ ಕನ್ನಡಕ ಮೇಲೇರಿಸಿಕೊಂಡು, ದನಿ ಬದಲಿಸದೆ ಓದಿದರು:

"'ಇಷ್ಟೆಲ್ಲ ಇದ್ದರೂ, ಕಳೆದ ವರ್ಷ ಇವರು ಹತ್ತು ದಿನ ಅಣ್ಣನ ಮನೆಗೆ ಹೋಗಿದ್ದಾಗ ನನಗೆ ನಿದ್ದೆ ಬರಲಿಲ್ಲ. ಬೈಯಲು ಬಾಯಿ ತೆರೆದರೆ ಎದುರಿಗೆ ಯಾರೂ ಇರಲಿಲ್ಲ. ಆದ್ದರಿಂದ ಇವರನ್ನು ಕಳಿಸಬೇಡಿ.'"

ಮೂವತ್ತೊಂದು ಏಟಿಗೂ ಬಾರದ ನೀರು ಆಗ ಕಣ್ಣಿಗೆ ಬಂತು. ಅತ್ತೆ ಕಿಟಕಿಯ ಕಡೆ ನೋಡಿದರು. ಈ ಬಾರಿ 'ಸಾಕ್ಷಿ ನಾನು' ಎನ್ನಲಿಲ್ಲ.

"ಸರಿ" ಎಂದರು ಅಧಿಕಾರಿ. "ಈ ಸಂಸಾರಕ್ಕೆ ನಿಮ್ಮ ಕಡೆಯಿಂದ ಏನು ಮಾಡ್ತೀರಿ? ಹೇಳೋದಿದ್ರೆ ಹೇಳಿ."

ಮನಸ್ಸು ತುಂಬಿದಾಗ ಮನುಷ್ಯ ಮಾತಾಡಬಾರದು. ನಾನು ಮಾತಾಡಿದೆ. ಇಂಥ ಹೆಂಡತಿಗೆ ತಕ್ಕ ಗಂಡನಾಗಿ ಸರ್ಕಾರದ ಕಡತದಲ್ಲಾದರೂ ಕಾಣಿಸಿಕೊಳ್ಳಬೇಕೆಂಬ ಹಂಬಲ ಉಕ್ಕಿತು. "ಸಾರ್, ಮನೆಯ ಪಾತ್ರೆಯೆಲ್ಲ ದಿನಾ ನಾನೇ ತೊಳೆಯೋದು!"

"ಲೋಟ ತೊಳೆಯಲ್ಲ ಅಂತ ಈಗ ತಾನೇ ಒಪ್ಕೊಂಡ್ರಿ."

"ಲೋಟ ಒಂದು ಬಿಟ್ಟು ಸಾರ್! ಉಳಿದದ್ದೆಲ್ಲ ತೊಳೀತೀನಿ. ಅವಳ ಸಮವಸ್ತ್ರ ನಾನೇ ಇಸ್ತ್ರಿ ಮಾಡೋದು. ಅವಳ ರಜೆಯ ದಿನ ಅಡುಗೆಮನೆಗೆ ಅವಳನ್ನ ಕಾಲಿಡೋಕೆ ಬಿಡಲ್ಲ, ಮೂರೂ ಹೊತ್ತು ನಂದೇ ಅಡುಗೆ."

ಸುಳ್ಳಿಗೆ ಸಾಕ್ಷಿ ಪಕ್ಕದಲ್ಲೇ ಕೂತಿದ್ದಾರೆಂಬುದು ಆಗ ನೆನಪಾಗಿ, ಮೆಲ್ಲಗೆ ಅತ್ತೆಯ ಕಡೆ ನೋಡಿದೆ. ಅವರ ಮುಖದಲ್ಲಿ ಕೋಪವಿರಲಿಲ್ಲ. ಬಹಳ ಹೊತ್ತು ಬಿಡಿಸಿದ ಲೆಕ್ಕಕ್ಕೆ ಉತ್ತರ ಸಿಕ್ಕವರ ಕಳೆಯಿತ್ತು.

"ಬರ್ಕೊಳ್ಳಿ ಸಾರ್" ಎಂದರು ಅತ್ತೆ ಮಧುರವಾಗಿ. "ಒಂದೂ ಬಿಡದೆ ಬರ್ಕೊಳ್ಳಿ. ನನ್ನ ಮಂಡಿ ವಿಷಯ ಹೇಳೋಕೆ ನಮ್ಮ ಅಳಿಯಂದ್ರಿಗೆ ಸಂಕೋಚ. ದಿನಾ ಸಂಜೆ ಎಣ್ಣೆ ಹಚ್ಚಿ ತಿಕ್ಕೋದು ಅವರೇ. ಅರ್ಧ ಗಂಟೆ."

ಎಂಥ ದೊಡ್ಡ ಮನಸ್ಸು! ನನ್ನನ್ನು ಉಳಿಸಲು ಈ ಮುದುಕಿ ಸುಳ್ಳಿಗೂ ಇಳಿದರಲ್ಲಾ ಎಂದು ನಾನು ಕೈಮುಗಿದೆ. "ಅರ್ಧ ಗಂಟೆ ಅಲ್ಲ ಸಾರ್" ಎಂದೆ ಉಬ್ಬಿ. "ಮುಕ್ಕಾಲು ಗಂಟೆ!"

ಅಧಿಕಾರಿ ಬರೆದುಕೊಂಡರು. ನಾನು ಓದಿ ನೋಡದೆ ಸಹಿ ಹಾಕಿದೆ. ಅತ್ತೆ ಓದಿ ನೋಡಿ, ಒಂದು ಕಡೆ ಕಾಗುಣಿತ ತಿದ್ದಿಸಿ, ಸಹಿ ಹಾಕಿದರು.

ಹದಿನೆಂಟು ದಿನಕ್ಕೆ ದಪ್ಪ ಲಕೋಟೆಯೊಂದು ಬಂತು. ಮೊದಲ ಹಾಳೆಯಲ್ಲಿ ಮೊಹರಿನೊಂದಿಗೆ ಖಾಯಂ ನಿವಾಸ ಪರವಾನಗಿ! ನಾನು ಅದನ್ನು ಎದೆಗೊತ್ತಿಕೊಂಡು ಕೋಣೆಯ ತುಂಬ ಓಡಾಡಿದೆ. ಆರು ವರ್ಷದಿಂದ ಬಾಗಿದ್ದ ಬೆನ್ನು ನೆಟ್ಟಗಾಯಿತು. ಅಷ್ಟರಲ್ಲಿ ಹೆಂಡತಿ, "ಒಂದು ಲೋಟ ಕಾಫಿ ಮಾಡಿ ತನ್ರೀ" ಎಂದಳು.

"ಇನ್ಮೇಲೆ ಆ ಆಟ ನಡೆಯಲ್ಲ" ಎಂದೆ. "ಯಾರ ಹತ್ರ ಮಾತಾಡ್ತಾ ಇದ್ದೀಯ ಗೊತ್ತಾ? ನಾನೀಗ ಖಾಯಂ! ಯಾರೂ ನನ್ನನ್ನ ಅಲ್ಲಾಡಿಸೋ ಹಾಗಿಲ್ಲ!"

"ಎರಡನೇ ಹಾಳೆ ಓದಿದ್ರಾ?"

ಲಕೋಟೆಯಲ್ಲಿ ಎರಡನೇ ಹಾಳೆಯೊಂದಿತ್ತು. ಅವಳೇ ಕನ್ನಡಕ ಏರಿಸಿಕೊಂಡು ಗಟ್ಟಿಯಾಗಿ ಓದಿದಳು. "ಷರತ್ತುಗಳು. ಅರ್ಜಿದಾರರು ಸ್ವಇಚ್ಛೆಯಿಂದ ಸಾಕ್ಷಿಯ ಸಮಕ್ಷಮದಲ್ಲಿ ಹೇಳಿರುವಂತೆ, ಅ) ಪ್ರತಿದಿನ ಸಮಸ್ತ ಪಾತ್ರೆಗಳನ್ನು, ಒಂದು ಲೋಟದ ಹೊರತು, ತೊಳೆಯತಕ್ಕದ್ದು. ಆ) ಪತ್ನಿಯ ಸಮವಸ್ತ್ರ ಇಸ್ತ್ರಿ ಮಾಡತಕ್ಕದ್ದು. ಇ) ಪತ್ನಿಯ ರಜಾದಿನ ಮೂರೂ ಹೊತ್ತು ಅಡುಗೆ. ಈ) ಅತ್ತೆಯವರ ಮಂಡಿಗೆ ಪ್ರತಿ ಸಂಜೆ ನಲವತ್ತೈದು ನಿಮಿಷ ಎಣ್ಣೆ ತಿಕ್ಕತಕ್ಕದ್ದು. ಮುಂದಿನ ಎರಡು ವರ್ಷ ಇಲಾಖೆಯ ಸಿಬ್ಬಂದಿ ಯಾವ ದಿನ, ಯಾವ ಹೊತ್ತಿನಲ್ಲಾದರೂ ಮುನ್ಸೂಚನೆಯಿಲ್ಲದೆ ಮನೆಗೆ ಬಂದು ಪರಿಶೀಲಿಸುವರು. ಹೇಳಿಕೆ ಸುಳ್ಳೆಂದು ಕಂಡುಬಂದಲ್ಲಿ ಪರವಾನಗಿ ರದ್ದು."

ಕನ್ನಡಕದ ಮೇಲಿಂದ ನನ್ನನ್ನು ನೋಡಿ ಹೇಳಿದಳು. "ನಿಮ್ಮ ಮಾತು ನಿಜ ಕಣ್ರೀ. ಇಷ್ಟು ದಿನ ನಿಮಗೆ ಈ ಮನೇಲಿ ಹಂಗಾಮಿ ಕೆಲಸ. ಇವತ್ತಿಂದ ಖಾಯಂ."

ನಾನು ಅತ್ತೆಯ ಕಡೆ ತಿರುಗಿದೆ. ಅವರು ಆಗಲೇ ಕಾಲು ಚಾಚಿ, ಎಣ್ಣೆಯ ಬಾಟಲಿಯನ್ನು ಪಕ್ಕಕ್ಕಿಟ್ಟುಕೊಂಡು, ಕೈಗಡಿಯಾರ ಬಿಚ್ಚಿ ತೊಡೆಯ ಮೇಲಿಟ್ಟುಕೊಂಡಿದ್ದರು.

"ಅರ್ಧ ಗಂಟೆ ಸಾಕು ಅಂತ ನಾನು ಹೇಳಿದ್ದೆ ಅಳಿಯಂದ್ರೇ" ಎಂದರು. "ಮುಕ್ಕಾಲು ಅಂದವರು ನೀವೇ."

ಇದಾಗಿ ನಾಲ್ಕು ತಿಂಗಳಾಯಿತು. ಇಲಾಖೆಯ ಸಿಬ್ಬಂದಿ ಇನ್ನೂ ಬಂದಿಲ್ಲ. ಆದರೆ ಕೈ ಬಿಡುವಾಗಿ ಪತ್ರಿಕೆ ಹಿಡಿದು ಕೂತೆನೋ ಇಲ್ಲವೋ, ಕರೆಗಂಟೆ ಬಾರಿಸುತ್ತದೆ. ಪತ್ರಿಕೆ ಬಿಸಾಡಿ, ತೊಟ್ಟಿಗೆ ಓಡಿ, ತೊಳೆದಿಟ್ಟ ಪಾತ್ರೆಯನ್ನೇ ಮತ್ತೆ ನೊರೆಗೆ ಹಾಕಿ ತಿಕ್ಕುತ್ತ, "ಬನ್ನಿ, ಬನ್ನಿ, ಬಾಗಿಲು ತೆಗೆದಿದೆ!" ಎಂದು ಕೂಗುತ್ತೇನೆ. ಯಾರೂ ಬರುವುದಿಲ್ಲ. ಮೊನ್ನೆ ಅನುಮಾನ ಬಂದು ಸದ್ದು ಮಾಡದೆ ಬಾಗಿಲ ಹಿಂದೆಯೇ ನಿಂತಿದ್ದೆ. ಗಂಟೆ ಬಾರಿಸಿದ ಕ್ಷಣಕ್ಕೇ ಬಾಗಿಲು ತೆರೆದು ನೋಡಿದರೆ, ಒಂದು ಆಕೃತಿ ಎರಡೆರಡು ಮೆಟ್ಟಿಲು ಹಾರುತ್ತ ಕೆಳಗಿನ ಮಹಡಿಗೆ ಧಾವಿಸುತ್ತಿತ್ತು. ನನ್ನ ಅತ್ತೆ! ಮುಕ್ಕಾಲು ಗಂಟೆಯ ಎಣ್ಣೆ ಆ ಮಂಡಿಗಳಿಗೆ ಅಷ್ಟು ಚೆನ್ನಾಗಿ ಹಿಡಿದಿತ್ತು.

ಈಗ ನನಗೆ ಎಲ್ಲ ಗೊತ್ತು. ಬೆಳಿಗ್ಗೆ ಬಾರಿಸುವವರು ಅತ್ತೆ, ಸಂಜೆ ಬಾರಿಸುವವಳು ಹೆಂಡತಿ. ಆದರೂ ಗಂಟೆ ಕೇಳಿದ ಕೂಡಲೇ ಓಡುತ್ತೇನೆ. ಯಾವತ್ತಾದರೂ ಒಂದು ದಿನ ಅಧಿಕಾರಿಯೇ ಬಂದುಬಿಟ್ಟರೆ?